ತೂತಿಗೆ ಹೆಸರಿಡುವವರು ಯಾರು?

ಮಳೆಗಾಲದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಗದ್ದೆಯಂಚಿನ ಮೇಲೆ ನಡೆದರೆ ಎರಡು ಬಗೆಯ ರಂಧ್ರಗಳು ಕಾಣುತ್ತವೆ. ಮೇಲಿನ ಗದ್ದೆಯ ಹೆಚ್ಚಿನ ನೀರು ಕೆಳಕ್ಕಿಳಿಯಲೆಂದು ರೈತ ಕಡಿದದ್ದು ಒಂದು. ಅದು ಕಂಡಿ. ಏಡಿ ಕೊರೆದದ್ದು ಇನ್ನೊಂದು. ಅದರಲ್ಲೂ ನೀರು ಇಳಿಯುತ್ತದೆ, ಆದರೆ ಅದು ತೂತು. ಕರಾವಳಿಯ ಮಾತಿನಲ್ಲಿ ಒಟ್ಟೆ. ಕಂಡ ಕೂಡಲೇ ಕೆಸರು ತುಂಬಿ ಮೆಟ್ಟಬೇಕಾದದ್ದು. ಏಡಿಯನ್ನು ಕೇಳಿದರೆ ಅದು ಬಿಲ, ಅಂದರೆ ಮನೆ.

ರಂಧ್ರ ಒಂದು ವಸ್ತುವಲ್ಲ. ವಸ್ತು ಇಲ್ಲದಿರುವ ಜಾಗ. ಅಲ್ಲಿ ನೋಡಲು ಏನೂ ಇಲ್ಲ. ಹಾಗಿದ್ದೂ ಒಂದನ್ನು ಅನುಕೂಲವೆಂದೂ ಇನ್ನೊಂದನ್ನು ದೋಷವೆಂದೂ ನಾವು ಅನುಮಾನವಿಲ್ಲದೆ ಹೇಳುತ್ತೇವೆ. ಆ ತೀರ್ಪು ಇರುವುದು ಮಣ್ಣಿನಲ್ಲಲ್ಲ, ಹೆಸರಿನಲ್ಲಿ.

ನಮಗೆ ಬೇಕಾದ ರಂಧ್ರಗಳಿಗೆ ಭಾಷೆ ಧಾರಾಳವಾಗಿ ನಮ್ಮದೇ ಅಂಗಾಂಗಗಳ ಹೆಸರು ಕೊಡುತ್ತದೆ: ಸೂಜಿಯ ಕಣ್ಣು, ಬಾವಿಯ ಬಾಯಿ, ತೆಂಗಿನಕಾಯಿಯ ಮೂರು ಕಣ್ಣು. ಗವಾಕ್ಷವೆಂದರೆ ಗೋವಿನ ಕಣ್ಣು. ಇಂಗ್ಲಿಷಿನ ‘ವಿಂಡೋ’ ಉತ್ತರದ ನಾರ್ಸ್ ಭಾಷೆಯಿಂದ ಬಂದದ್ದು; ಅದರ ಅರ್ಥ ಗಾಳಿಗಣ್ಣು. ಅದು ಬರುವ ಮುಂಚೆ ಹಳೆಯ ಇಂಗ್ಲಿಷಿನಲ್ಲಿ ಕಿಟಕಿಗಿದ್ದ ಒಂದು ಹೆಸರು ‘ಕಣ್ಣುತೂತು’ ಎಂಬರ್ಥದ್ದು. ತೂತಿಗೆ ಅವರು ಬಳಸುತ್ತಿದ್ದ ‘ಥ್ಯುರೆಲ್’ ಎಂಬ ಪದ ಇಂದಿಗೂ ‘ನಾಸ್ಟ್ರಿಲ್’ನಲ್ಲಿ, ಅಂದರೆ ಮೂಗಿನ ಹೊಳ್ಳೆಯಲ್ಲಿ, ಅಡಗಿ ಉಳಿದಿದೆ. ‘ಲೂಪ್‌ಹೋಲ್’ನ ಕಥೆ ಇನ್ನೂ ಸ್ವಾರಸ್ಯದ್ದು. ಮೊದಲು ಅದು ಕೋಟೆಯ ಗೋಡೆಯಲ್ಲಿ ಬಾಣ ಬಿಡಲು ಬೇಕೆಂದೇ ಇಟ್ಟ ಸೀಳುಗಂಡಿ. ಇಂದು ಅದು ಕಾನೂನಿನ ದೋಷ, ನುಣುಚಿಕೊಳ್ಳುವವರ ನುಸುಳುದಾರಿ. ಒಂದೇ ಪದ ಕಂಡಿಯಾಗಿದ್ದದ್ದು ತೂತಾಯಿತು.

ಹಾಗಾದರೆ ಎಲ್ಲವೂ ನೋಡುವವರ ದೃಷ್ಟಿ ಎಂದು ಕೈತೊಳೆದುಕೊಳ್ಳಬಹುದೇ? ನಮ್ಮ ಹೊಳೆಗಳಿಗೆ ಕಟ್ಟಿರುವ ಕಿಂಡಿ ಅಣೆಕಟ್ಟುಗಳು ಬೇರೆ ಮಾತು ಹೇಳುತ್ತವೆ. ಕಟ್ಟಿದ್ದು ಗೋಡೆಯಾದರೂ ಹೆಸರು ಬಂದದ್ದು ಕಿಂಡಿಯಿಂದ. ಮಳೆ ಮುಗಿದ ಮೇಲೆ ಹಲಗೆ ಇಳಿಸಿದರೆ ಸಿಹಿನೀರು ನಿಲ್ಲುತ್ತದೆ, ಭರತದ ಉಪ್ಪುನೀರು ಗದ್ದೆಗೂ ಬಾವಿಗೂ ನುಗ್ಗುವುದಿಲ್ಲ. ಮುಂದಿನ ಮಳೆಗೆ ಮುಂಚೆ ಹಲಗೆ ತೆಗೆಯದಿದ್ದರೆ ಅದೇ ಗದ್ದೆಗೆ ನೆರೆ. ತೂತು ತಾನಾಗಿ ಆಗಬಹುದು, ಅದಕ್ಕೆ ಯಾರೂ ಹೊಣೆಯಲ್ಲದಿರಬಹುದು. ಕಿಂಡಿ ಎಂದ ಕೂಡಲೇ ಮಾತ್ರ ಅದನ್ನು ತೆರೆಯುವ, ಮುಚ್ಚುವ ಕೈಯೊಂದು ಇದ್ದೇ ಇರುತ್ತದೆ. ಆ ಕೈಯನ್ನು ಪ್ರಶ್ನಿಸಬಹುದು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಉಡುಪಿಯ ಕನಕನ ಕಿಂಡಿಯನ್ನು ನೋಡಬೇಕು. ಒಳಗೆ ಪ್ರವೇಶ ಸಿಗದ ಕನಕದಾಸರು ಹಿಂಬದಿಯಲ್ಲಿ ನಿಂತು ಹಾಡಿದಾಗ ಗೋಡೆ ಬಿರುಕುಬಿಟ್ಟಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎನ್ನುತ್ತದೆ ಐತಿಹ್ಯ. ಗಾರೆ ಕೆಲಸದವನಿಗೆ ಬಿರುಕು ಮೆತ್ತಬೇಕಾದ ದೋಷ. ಇಲ್ಲಿ ಅದನ್ನು ಮೆತ್ತಲಿಲ್ಲ. ಹೊರಗಿದ್ದವನ ಹೆಸರನ್ನೇ ಅದಕ್ಕಿಟ್ಟು ಪೂಜ್ಯವಾಗಿಸಿದರು. ಇದು ದೊಡ್ಡ ಮನ್ನಣೆ ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಕಿಂಡಿಯಲ್ಲಿ ನೋಟ ಹೋಗುತ್ತದೆ, ಮನುಷ್ಯ ಹೋಗಲಾರ. ಕಥೆಯಲ್ಲಿ ಗೋಡೆಯನ್ನು ತೆರೆದವನು ದೇವರು. ಬಾಗಿಲು ಹಾಕಿದ್ದವರು ಮನುಷ್ಯರು. ನಾವು ಕಿಂಡಿಗೆ ಕೈಮುಗಿಯುತ್ತ ಬಾಗಿಲ ಪ್ರಶ್ನೆಯನ್ನು ಮರೆತರೆ, ಒಂದು ಒಳ್ಳೆಯ ಹೆಸರು ಒಂದು ಕೆಟ್ಟ ಕೆಲಸಕ್ಕೆ ಮರೆಯಾದಂತೆ. ಇಂಥ ಕಿಂಡಿಗಳನ್ನು ನಾವು ಈಗಲೂ ಕೊಡುತ್ತಿರುತ್ತೇವೆ: ಸಭೆಗೆ ಕರೆದು ಮಾತಾಡಲು ಬಿಡದಿರುವುದು, ಊಟಕ್ಕೆ ಕರೆದು ಬೇರೆ ಪಂಕ್ತಿಯಲ್ಲಿ ಕೂರಿಸುವುದು. ಕೊಟ್ಟವರಿಗೆ ಅದು ಔದಾರ್ಯ. ಪಡೆದವರು ಅದಕ್ಕೆ ಯಾವ ಹೆಸರಿಡುತ್ತಾರೆಂದು ಕೇಳಿದವರು ಕಡಿಮೆ.

ಗದ್ದೆಯಂಚಿನಲ್ಲಿ ಏಡಿಯ ಮಾತು ಕೇಳುತ್ತ ಕೂತರೆ ಬೆಳೆ ಉಳಿಯಲಿಕ್ಕಿಲ್ಲ, ನಿಜ. ಗೋಡೆಯ ಹೊರಗೆ ನಿಂತದ್ದು ಏಡಿಯಲ್ಲ.