‘ಹುಟ್ಟಿದ್ದರೆ’ ಎಂಬ ಮಾತು

ನಮ್ಮ ಕನ್ನಡದಲ್ಲಿ ‘ರೆ’ ಎಂಬ ಒಂದಕ್ಷರಕ್ಕೆ ಇರುವ ಬಲ ಮಾರುದ್ದದ ಸಂಸ್ಕೃತ ಪದಗಳಿಗೂ ಇಲ್ಲ. ಮಳೆ ಬಂದಿದ್ದರೆ, ಕೆಲಸ ಸಿಕ್ಕಿದ್ದರೆ, ಆ ಸಂಬಂಧ ಒಪ್ಪಿಕೊಂಡಿದ್ದರೆ... ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು ಎಂದು ಗಾದೆ ಕಟ್ಟಿ ಹಿರಿಯರು ಇವನ್ನೆಲ್ಲ ನಕ್ಕು ಬದಿಗೆ ಸರಿಸಿದರು. ಆದರೆ ಹಾಗೆ ನಕ್ಕು ಸರಿಸಲಾಗದ ಒಂದು ‘ರೆ’ ಇದೆ. ‘ಗಂಡು ಹುಟ್ಟಿದ್ದರೆ’ ಎಂಬುದು ಅದು. ಅಡಿಗೆಮನೆಯಲ್ಲಿ ಕೇಳಿಸುವ ಈ ಮಾತು ಇತಿಹಾಸದ ಪುಸ್ತಕಗಳಲ್ಲೂ ಕೇಳಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಪಾಠ ಮಾಡುತ್ತ ಮಾಡುತ್ತ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳೊಳಗೇ ವರ್ಗವಾಗುತ್ತ ಸಮಾಜ ವಿಜ್ಞಾನ ಕಲಿಸಿದವಳು ನಾನು. “ಟೀಚರ್, ಟಿಪ್ಪು ಗೆದ್ದಿದ್ದರೆ?” “ಟೀಚರ್, ಅಕ್ಬರನಿಗೆ ಮಕ್ಕಳೇ ಆಗದಿದ್ದರೆ?” ಎಂದು ಹುಡುಗರು ಕೇಳುತ್ತಾರೆ. ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ ಎನ್ನುವುದು ಸುಲಭ. ನನಗೆ ಮಾತ್ರ ಈ ಪ್ರಶ್ನೆಗಳು ಇಷ್ಟ. ಏಕೆಂದರೆ ಆದದ್ದು ಹಾಗೇ ಆಗಬೇಕಿರಲಿಲ್ಲ ಎಂದು ತಿಳಿಯುವುದೂ ವಿದ್ಯೆಯೇ.

ಹೊಸ ಜಲಮಾರ್ಗಗಳ ಪಾಠದಲ್ಲಿ ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಎಂದು ಹೇಳಿಕೊಡುತ್ತೇವೆ. ಅದೇ ವರ್ಷ, ಅವನನ್ನು ಕಳಿಸಿದ ಪೋರ್ಚುಗಲ್ಲಿನ ರಾಣಿ ಹೆರಿಗೆಯಲ್ಲಿ ಸತ್ತಳು. ಅವಳೂ ಇಸಾಬೆಲ್, ಸ್ಪೇನಿನ ಪ್ರಸಿದ್ಧ ರಾಣಿ ಇಸಾಬೆಲ್ಲಾಳ ಹಿರಿಯ ಮಗಳು. ಹಿಂದಿನ ವರ್ಷವಷ್ಟೇ ಅವಳ ತಮ್ಮ ಹುವಾನ್ ಹತ್ತೊಂಬತ್ತಕ್ಕೇ ತೀರಿಕೊಂಡಿದ್ದ. ಹೀಗಾಗಿ ಅವಳು ಹೆತ್ತ ಮಗು ಮಿಗೆಲ್, ಕ್ಯಾಸ್ಟೈಲ್, ಅರಗಾನ್, ಪೋರ್ಚುಗಲ್ ಮೂರಕ್ಕೂ ವಾರಸುದಾರನಾಯಿತು. ಎರಡು ತುಂಬುವ ಮೊದಲೇ, 1500ರಲ್ಲಿ, ಅದೂ ಹೋಯಿತು. ಆ ಮಗು ಬದುಕಿದ್ದರೆ ಮೂರು ರಾಜ್ಯ ಒಂದಾಗುತ್ತಿತ್ತು, ಸಾಗರಗಳೆಲ್ಲ ಒಬ್ಬನದೇ ಆಗುತ್ತಿದ್ದವು ಎಂದು ಲೆಕ್ಕ ಹಾಕುವವರು ಇಂದಿಗೂ ಇದ್ದಾರೆ. ಹೆತ್ತವಳು ಬದುಕಿದ್ದರೆ ಎಂದು ಕೇಳುವವರು ಕಡಿಮೆ. ಪಟ್ಟದ ಸರದಿ ಆಮೇಲೆ ಬಂದದ್ದು ಅವಳ ತಂಗಿ ಹುವಾನಾಗೆ. 1504ರಲ್ಲಿ ರಾಣಿಯಾದಳು, ಹುಚ್ಚಿ ಎನಿಸಿಕೊಂಡಳು, 1509ರಿಂದ 1555ರಲ್ಲಿ ಸಾಯುವ ತನಕ, ಅಂದರೆ ನಲವತ್ತಾರು ವರ್ಷ, ತೋರ್ದೆಸಿಲ್ಯಾಸ್ ಎಂಬ ಊರಿನ ಅರಮನೆಯಲ್ಲಿ ಬಂಧಿಯಾಗಿದ್ದಳು. ಕೂಡಿಹಾಕಿದ್ದು ಮೊದಲು ತಂದೆ, ಆಮೇಲೆ ಮಗ. ಇಬ್ಬರೂ ಆಳಿದ್ದು ಅವಳ ಹಕ್ಕಿನ ರಾಜ್ಯವನ್ನೇ. ಅವಳಿಗೆ ನಿಜಕ್ಕೂ ಹುಚ್ಚಿತ್ತೇ ಎಂಬ ಬಗ್ಗೆ ಚರಿತ್ರಕಾರರಲ್ಲೇ ಒಮ್ಮತವಿಲ್ಲ. ಬಾಗಿಲು ತೆಗೆದಿದ್ದರೆ ಏನಾಗುತ್ತಿತ್ತು ಎಂಬುದು ನನ್ನ ಪಾಲಿಗೆ ಮಿಗೆಲನ ಪ್ರಶ್ನೆಗಿಂತ ದೊಡ್ಡದು.

ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಕತೆಯನ್ನೇ ನೋಡಿ. 1776ರಲ್ಲಿ ಬೆಟ್ಟದ ಚಾಮರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಾಗ ಹೈದರಾಲಿ ರಾಜಬಂಧುಗಳ ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ ಆಟದ ಸಾಮಾನು, ತಿಂಡಿ, ಹಣ್ಣು ಹರವಿಸಿದನಂತೆ. ಒಂದು ಮಗು ಒಂದು ಕೈಯಲ್ಲಿ ಪುಟ್ಟ ಬಾಕು, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿಯಿತು. ಇವನೇ ರಾಜ ಎಂದನಂತೆ. ವಿಲ್ಕ್ಸ್ ಸಾಹೇಬರು ಬರೆದಿಟ್ಟಿರುವ ಕತೆ ಇದು. ಆ ಹುಡುಗನೇ ಖಾಸಾ ಚಾಮರಾಜ. ಅವನ ಮಗನನ್ನೇ ಇಂಗ್ಲಿಷರು 1799ರ ಜೂನ್ 30ರಂದು, ಇನ್ನೂ ಐದು ವರ್ಷದ ಕೂಸನ್ನು, ಸಿಂಹಾಸನದ ಮೇಲೆ ಕೂರಿಸಿದರು. ಪ್ರೀತಿಯಿಂದಲ್ಲ. ಟಿಪ್ಪುವಿನ ರಾಜ್ಯವನ್ನು ಪೂರ್ತಿ ಪಾಲು ಮಾಡಿಕೊಂಡರೆ ನಿಜಾಮನೂ ಮರಾಠರೂ ಕೊಬ್ಬಿಯಾರು ಎಂಬ ಲೆಕ್ಕಾಚಾರ ಅವರದು. ಹಂಚಿದ ಚೂರುಗಳಲ್ಲಿ ಅನಂತಪುರದ ಕಡೆಯ ಸೀಮೆ ನಿಜಾಮನಿಗೆ ಹೋಯಿತು, 1800ರಲ್ಲಿ ಅವನಿಂದ ಕಂಪನಿಗೆ. ಪಾವಗಡ ಮೈಸೂರಿನಲ್ಲೇ ಉಳಿಯಿತು.

ಆ ಗೆರೆ ಇಂದಿಗೂ ಇದೆ. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಹತ್ತಿದರೆ ನಡುವೆ ಆಂಧ್ರದ ಮಡಕಶಿರಾ ಸೀಮೆ ಹಾಯ್ದೇ ಹೋಗಬೇಕು. ಹೆಚ್ಚುಕಡಿಮೆ ಸುತ್ತಲೂ ಆಂಧ್ರ, ನಡುವೆ ನಮ್ಮ ಪಾವಗಡ. ಐದು ವರ್ಷದ ಮಗುವೊಂದು ಇದ್ದುದರಿಂದ ಹೀಗಾಯಿತು ಎಂದು ನಾನೂ ಮಕ್ಕಳಿಗೆ ಹೇಳಬಹುದಿತ್ತು. ಹೇಳುವುದಿಲ್ಲ. ಮಗು ಸುಮ್ಮನೆ ಕೂತಿತ್ತು, ಅಷ್ಟೇ. ಓಡಾಡಿದವಳು ಅಜ್ಜಿ ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜರ ವಿಧವೆ. ಆ ಮಗು ಆಕೆಯ ಹೊಟ್ಟೆಯ ಕುಡಿಯಲ್ಲ, ದತ್ತಿನ ಮೊಮ್ಮಗ. ಕಾವಲಿನ ನಡುವೆಯೇ ಗುಟ್ಟಾಗಿ ಮಂದಿ ಕಳಿಸಿ, 1782ರಲ್ಲೇ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಮತ್ತೂ ಹದಿನೇಳು ವರ್ಷ ಕಾದಳು. ಪರಕೀಯರನ್ನು ಕರೆದಳು ಎಂದು ದೂರುವವರಿದ್ದಾರೆ. ಆ ದೂರನ್ನು ನಾನು ತಳ್ಳಿಹಾಕಲಾರೆ. ಆದರೆ ದೂರಲಿ, ಹೊಗಳಲಿ, ಆಕೆ ಮಾಡಿದ್ದಕ್ಕೆ ತಾನೇ? ಅದು ನ್ಯಾಯ. ಹೆರಲಿಲ್ಲ ಎಂದು ಯಾರನ್ನಾದರೂ ದೂರುವುದಕ್ಕೂ ಇದಕ್ಕೂ ಅಜಗಜಾಂತರ.

ಆ ಇನ್ನೊಂದು ಬಗೆಯ ದೂರಿಗೂ ಮೈಸೂರಿನಲ್ಲಿ ಕತೆಯಿದೆ. 1610ರಲ್ಲಿ ಶ್ರೀರಂಗಪಟ್ಟಣ ಕೈಬದಲಾದಾಗ ಅಲಮೇಲಮ್ಮ ತನ್ನ ಒಡವೆ ಕಸಿಯಲು ಬಂದವರನ್ನು ಶಪಿಸಿ ಕಾವೇರಿಗೆ ಹಾರಿದಳೆಂದೂ, ಅದರಿಂದಲೇ ಮೈಸೂರರಸರಿಗೆ ಸಂತಾನವಿಲ್ಲವೆಂದೂ ಎಲ್ಲರಿಗೂ ಗೊತ್ತು. ನಾಲ್ವಡಿಯವರು ಚಾಮರಾಜೇಂದ್ರರ ಸ್ವಂತ ಮಗನಲ್ಲವೇ ಎಂದರೆ, ಅದು ದತ್ತು ಬಂದವರಿಗೆ ಲೆಕ್ಕವಿಲ್ಲ ಎಂದು ಸಮಜಾಯಿಷಿ. 2017ರಲ್ಲಿ ಅರಮನೆಯಲ್ಲಿ ಗಂಡು ಮಗು ಹುಟ್ಟಿದಾಗ ಶಾಪ ಕಳೆಯಿತೆಂದು ಸುದ್ದಿಯಾಯಿತು. ಮುಟ್ಟುಗೋಲಿಗೆ ಹೊರಟವರ ಆಸೆಯ ಮಾತು ಯಾರ ನಾಲಿಗೆಯ ಮೇಲೂ ಇಲ್ಲ. ನಾಲ್ಕು ನೂರು ವರ್ಷ ಹೊಣೆ ಹೊತ್ತದ್ದು ನೀರಿಗೆ ಬಿದ್ದವಳು, ಮತ್ತು ಪ್ರತಿ ತಲೆಮಾರಿನ ಬಸಿರಾಗದ ರಾಣಿ.

ಹೀಗೆ ಯೋಚಿಸುತ್ತ ನನಗೆ ‘ರೆ’ಯಲ್ಲಿ ಎರಡು ಜಾತಿ ಕಾಣತೊಡಗಿದವು: ‘ಹುಟ್ಟಿದ್ದರೆ’ ಒಂದು, ‘ಮಾಡಿದ್ದರೆ’ ಒಂದು. ಹುಟ್ಟು ಯಾರ ಕೈಯಲ್ಲೂ ಇಲ್ಲ. ಅದರ ಮೇಲೆ ‘ರೆ’ ಹೊರಿಸಿದರೆ ಕೊನೆಗೆ ಬಂದು ಕೂರುವುದು ಒಬ್ಬ ಹೆಂಗಸಿನ ತಲೆಯ ಮೇಲೆ. ಮಾಡುವುದು ಕೈಯಲ್ಲಿದೆ. 1824ರಲ್ಲಿ ಕಿತ್ತೂರಿನ ದೊರೆಗೆ ಮಗನಿದ್ದಿದ್ದರೆ ಎನ್ನುವುದು ಬೇಡ; ದತ್ತು ಪಡೆದದ್ದನ್ನು ಥ್ಯಾಕರೆ ಒಪ್ಪಿದ್ದರೆ ಎನ್ನಿ. ಮೈಸೂರಿನ ದತ್ತನ್ನು 1867ರಲ್ಲಿ ಅದೇ ಇಂಗ್ಲಿಷರು ಒಪ್ಪಿದರಲ್ಲ! ಶಾಸ್ತ್ರ ಬದಲಾಗಿರಲಿಲ್ಲ, ಮನಸ್ಸು ಬದಲಾಗಿತ್ತು. ಆ ದತ್ತುಪುತ್ರ ಚಾಮರಾಜೇಂದ್ರರು 1894ರಲ್ಲಿ ಕಲ್ಕತ್ತೆಯಲ್ಲಿ ಮೂವತ್ತೊಂದಕ್ಕೇ ತೀರಿಕೊಂಡಾಗಲೂ ಜನ ‘ಬದುಕಿದ್ದರೆ’ ಎಂದೇ ಹಲುಬಿದ್ದಿರಬೇಕು. ರಾಜ್ಯವನ್ನು 1902ರವರೆಗೆ ನೋಡಿಕೊಂಡದ್ದು ಅವರ ಪತ್ನಿ ಕೆಂಪನಂಜಮ್ಮಣ್ಣಿ, ಆಗಿನ್ನೂ ಇಪ್ಪತ್ತೆಂಟರ ವಿಧವೆ. ಶಿರಾ ದಾಟಿ ಹಿರಿಯೂರಿನ ಕಡೆ ಹೋದರೆ ಸಿಗುವ ಮಾರಿಕಣಿವೆ ಕಟ್ಟೆಗೆ 1898ರಲ್ಲಿ ಕೆಲಸ ಶುರುವಾದದ್ದು ಆಕೆಯ ಕಾಲದಲ್ಲೇ. ವಾಣಿವಿಲಾಸ ಸಾಗರ ಎಂಬುದು ಆಕೆಯ ಹೆಸರು. 1933ರಲ್ಲಿ ತುಂಬಿ ಹರಿದದ್ದು ಮತ್ತೆ 2022ರಲ್ಲಿ ಕೋಡಿ ಬಿತ್ತು. ನಮ್ಮ ಕಡೆಯಿಂದಲೂ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬಂದರು.

ರಾಜರ ಮಾತು ಸಾಕು. ಆಸ್ತಿ ಇರುವ ಮನೆಯೆಲ್ಲ ಒಂದು ಸಣ್ಣ ಸಂಸ್ಥಾನವೇ, ಅಲ್ಲವೇ? ಕೊರಟಗೆರೆಯಲ್ಲಿದ್ದಾಗ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ನನ್ನೆದುರೇ, “ಮೊದಲ್ನೇದು ಗಂಡಾಗಿದ್ರೆ ಅಂಗಡಿ ಉಳೀತಿತ್ತು ಮೇಡಂ” ಎಂದು ನಿಟ್ಟುಸಿರಿಟ್ಟಳು. ಆ ಅಂಗಡಿಯ ಲೆಕ್ಕವನ್ನೆಲ್ಲ ಬರೆಯುತ್ತಿದ್ದವಳು ಆ ಮೊದಲನೆಯವಳೇ.

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಆಂಧ್ರ 1986ರಲ್ಲಿ ಕಾನೂನು ಮಾಡಿತು. ನಮ್ಮ ಕರ್ನಾಟಕ ಮಾಡಿದ್ದು 1994ರಲ್ಲಿ. ಎರಡರಲ್ಲೂ, ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯ ಷರತ್ತು ಹೋಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ನೋಂದಾಯಿತ ವಿಭಾಗಗಳನ್ನು ಮುಟ್ಟಲಿಲ್ಲ. ಪಾವಗಡದಲ್ಲಿ ನನಗೆ ಪರಿಚಯದ ಒಬ್ಬಳಿದ್ದಾಳೆ. ಅವಳಿಗೂ, ಮಡಕಶಿರಾ ಕಡೆಯ ಅವಳ ಚಿಕ್ಕಮ್ಮನ ಮಗಳಿಗೂ 1990ರಲ್ಲೇ, ಒಂದೇ ಬೇಸಿಗೆಯಲ್ಲಿ ಮದುವೆ. ಮನೆಮಾತು ಇಬ್ಬರಿಗೂ ತೆಲುಗು, ಹೊಲದಲ್ಲಿ ಇಬ್ಬರಿಗೂ ಶೇಂಗಾ. ಅವಳಿಗೆ ಪಾಲು ಬಂತು. ಇವಳ ಅಣ್ಣಂದಿರು 1998ರಲ್ಲಿ ತಮ್ಮತಮ್ಮಲ್ಲೇ ಪಾಲು ಮಾಡಿಕೊಂಡು ರಿಜಿಸ್ಟರ್ ಮಾಡಿಸಿಬಿಟ್ಟಿದ್ದರು.

ನನ್ನ ಎರಡು ಜಾತಿಯ ‘ರೆ’ಯನ್ನು ಅವಳಿಗೂ ವಿವರಿಸಿದೆ. ಕೇಳಿ ನಕ್ಕಳು. “ಗಂಡಾಗಿ ಹುಟ್ಟಿದ್ದರೆ ಅಂತ ನಾನೂ ಅನ್ನಲ್ಲ ಟೀಚರ್. ನಾಲ್ಕು ಮೈಲಿ ಆ ಕಡೆ ಹುಟ್ಟಿದ್ದರೆ ಅಂತೀನಿ” ಎಂದಳು.

ಈಗ ಅವಳ ಮಗಳಿಗೆ ಮದುವೆ ಗೊತ್ತಾಗಿದೆ. ಹಕ್ಕು ಬಿಡುಗಡೆ ಪತ್ರ ಬರೆಸಿಟ್ಟುಕೊಂಡಿದ್ದಾನೆ ಮಗ. ಮದುವೆಗೆ ಮೊದಲೇ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವ ಯೋಚನೆ. ತವರು ಉಳಿಸಿಕೋ ಎಂದು ನೆಂಟರೆಲ್ಲ ಹುಡುಗಿಗೆ ಬುದ್ಧಿ ಹೇಳುತ್ತಿದ್ದಾರೆ. ಸಹಿ ಹಾಕಲೇ ಬೇಡವೇ ಎಂದು ಹುಡುಗಿ ತಾಯಿಯನ್ನು ಕೇಳಿದಳಂತೆ. ತಾಯಿ ನನ್ನನ್ನು ಕೇಳಿದಳು. ಬೇಡ ಎಂದೆ.