ಒಪ್ಪಿಗೆ ಪತ್ರದಲ್ಲಿ ಇಲ್ಲದ ಹೆಸರು

ನಮ್ಮಲ್ಲಿ ಬಹುಪಾಲು ಜನರ ಎಡತೋಳಿನ ಮೇಲೆ ಒಂದು ಸಣ್ಣ ಕಲೆ ಇರುತ್ತದೆ. ಹುಟ್ಟಿದ ಹೊಸತರಲ್ಲಿ ಹಾಕಿಸಿದ ಬಿಸಿಜಿ ಲಸಿಕೆಯ ಗುರುತು ಅದು. ಕ್ಷಯ ಬಾರದಿರಲೆಂದು ಕೂಸಿಗೆ ಚುಚ್ಚುವ ಆ ಬಿಸಿಜಿಯನ್ನೇ ಮೂತ್ರಕೋಶದ ಕ್ಯಾನ್ಸರಿಗೂ ಔಷಧಿಯಾಗಿ ಕೊಡುತ್ತಾರೆ ಎಂಬುದು ನನಗೆ ಗೊತ್ತಾದದ್ದು ಅದನ್ನು ನಾನೇ ತೆಗೆದುಕೊಳ್ಳಬೇಕಾಗಿ ಬಂದಾಗ.

ಅದರ ಕತೆ ಸ್ವಾರಸ್ಯದ್ದು. ಫ್ರಾನ್ಸಿನ ಲಿಲ್ ಪಟ್ಟಣದಲ್ಲಿ ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮೀಲ್ ಗೆರಾನ್ 1908ರಲ್ಲಿ ದನಗಳ ಕ್ಷಯದ ರೋಗಾಣುವನ್ನು ಪಿತ್ತರಸ, ಗ್ಲಿಸರಿನ್ ಸೇರಿಸಿದ ಆಲೂಗೆಡ್ಡೆಯ ಮೇಲೆ ಬೆಳೆಸಲು ತೊಡಗಿದರು. ಒಂದು ಪಾತ್ರೆಯಿಂದ ತೆಗೆದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ 13 ವರ್ಷಗಳಲ್ಲಿ 230 ಸಲ. ಅಷ್ಟು ಹೊತ್ತಿಗೆ ರೋಗಾಣುವಿನ ಹಲ್ಲು ಮೊಂಡಾಗಿತ್ತು, ಜೀವ ಮಾತ್ರ ಹೋಗಿರಲಿಲ್ಲ. 1921ರಲ್ಲಿ ಮೊದಲ ಬಾರಿಗೆ ಒಂದು ಮಗುವಿಗೆ ಕೊಟ್ಟರು. 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಅದನ್ನು ಮೂತ್ರಕೋಶದೊಳಗೇ ಬಿಟ್ಟು, ಅಲ್ಲಿನ ಗಡ್ಡೆಗಳು ಮರುಕಳಿಸುವುದು ಕಡಿಮೆಯಾಯಿತೆಂದು ವರದಿ ಮಾಡಿದರು. ಒಳಗೆ ಬಂದ ರೋಗಾಣುವನ್ನು ಕಂಡು ಮೈಯ ಕಾವಲುಪಡೆ ಎಚ್ಚೆತ್ತು ಧಾವಿಸುತ್ತದೆ, ಬಂದದ್ದು ಕ್ಯಾನ್ಸರಿನ ಕೋಶಗಳ ಮೇಲೂ ಬೀಳುತ್ತದೆ. ಈ ಕ್ಯಾನ್ಸರ್ ಒಳಪೊರೆ ದಾಟಿ ಸ್ನಾಯುವಿಗೆ ಇಳಿಯದಿದ್ದವರಿಗೆ ಮಾತ್ರ ಈ ಚಿಕಿತ್ಸೆ. ನನ್ನದು ಇಳಿದಿರಲಿಲ್ಲ.

ಗಡ್ಡೆಯನ್ನು ಕೆರೆದು ತೆಗೆದ ಕೆಲವು ವಾರಗಳ ಮೇಲೆ ಶುರುವಾಯಿತು. ವಾರಕ್ಕೊಮ್ಮೆ, ಆರು ವಾರ. ಸುಮಾರು 50 ಮಿಲಿಲೀಟರ್ ದ್ರಾವಣವನ್ನು ಸಣ್ಣ ನಳಿಕೆಯಲ್ಲಿ ಒಳಗೆ ಬಿಡುತ್ತಾರೆ. ಎರಡು ಗಂಟೆ ತಡೆದುಕೊಳ್ಳಬೇಕು. ಆಮೇಲೆ ಉರಿ. ಅರ್ಧ ಗಂಟೆಗೊಮ್ಮೆ ಏಳುವ ರಾತ್ರಿಗಳು, ನಡುಕ, ಒಂದೊಂದು ಸಲ ಕೆಂಪು ಬಣ್ಣ. ಉರಿ ಜಾಸ್ತಿಯಾದರೆ ಔಷಧಿ ಚೆನ್ನಾಗಿ ಹಿಡಿದಿದೆ ಎಂದು ಬಂಧುವೊಬ್ಬರು ಸಮಾಧಾನ ಹೇಳಿದರು. ಹಾಗೇನೂ ಇಲ್ಲ, ಉರಿ ಎಂದರೆ ಉರಿ ಅಷ್ಟೆ ಎಂದರು ಡಾಕ್ಟರು. ನೋವಿಗೆ ಪುಣ್ಯದ ಲೆಕ್ಕ ಹಚ್ಚುವುದು ನಮಗೆ ಅಭ್ಯಾಸ. ಡಾಕ್ಟರ ಮಾತು ಒಣಮಾತಾದರೂ ಅದೇ ನನಗೆ ಹೆಚ್ಚು ನೆಮ್ಮದಿ ಕೊಟ್ಟಿತು.

ಈ ಕಾಯಿಲೆಯನ್ನು ಹೇಳಿಕೊಳ್ಳುವುದೇ ಒಂದು ತೊಡಕು. ಎದೆನೋವನ್ನು ಕೈಯಿಟ್ಟು ತೋರಿಸಬಹುದು. ಇದಕ್ಕೆ ಶಾಲೆಯಲ್ಲಿ ಕಿರುಬೆರಳೆತ್ತಿ ‘ಸಾರ್, ಒಂದಕ್ಕೆ’ ಎಂದು ಕಲಿತ ಭಾಷೆಯೇ ಗತಿ. ‘ಉಚ್ಚೆ’ ಎಂದರೆ ಅಸಹ್ಯ, ‘ಮೂತ್ರ’ ಎಂದರೆ ಪಠ್ಯಪುಸ್ತಕ, ‘ಯೂರಿನ್’ ಎಂದರೆ ಪರವಾಗಿಲ್ಲ. ಬಂದವರಿಗೆಲ್ಲ ‘ಒಂದು ಸಣ್ಣ ಆಪರೇಷನ್’ ಎಂದು ಹೇಳಿ ಮುಗಿಸುತ್ತಿದ್ದೆ. ಅದರಲ್ಲಿ ತಪ್ಪೇನೂ ಇಲ್ಲವೆಂದೇ ಈಗಲೂ ನನ್ನ ಅಭಿಪ್ರಾಯ. ಮೈಯ ಸುದ್ದಿಯನ್ನು ಯಾರಿಗೆ ಎಷ್ಟು ಹೇಳಬೇಕೆಂಬುದು ಮೈಯವನ ಹಕ್ಕು.

ಆದರೆ ಆಸ್ಪತ್ರೆಯಲ್ಲಿ ಕೊಟ್ಟ ಒಂದು ಹಾಳೆ ಆ ಹಕ್ಕಿನ ಗಡಿಯನ್ನು ತೋರಿಸಿತು. ಔಷಧಿ ಹಾಕಿಸಿಕೊಂಡ ಮೇಲೆ ಆರು ಗಂಟೆಯ ತನಕ, ಗಂಡಸರೂ ಕೂತೇ ಮಾಡಬೇಕು, ಸಿಡಿಯಬಾರದು. ಪ್ರತಿ ಸಲವೂ ಕಮೋಡಿಗೆ ಎರಡು ಲೋಟ ಬ್ಲೀಚ್ ಸುರಿದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೀರು ಹಾಕಬೇಕು. ಯಾಕೆಂದರೆ ಹೊರಗೆ ಬರುವುದರಲ್ಲಿ ಜೀವಂತ ರೋಗಾಣು ಇರುತ್ತದೆ. ಹಲ್ಲು ಮೊಂಡಾದದ್ದೇ, ಅಪಾಯ ತೀರ ಕಡಿಮೆಯೇ. ಆದರೂ ಜಾಗ್ರತೆ ಬೇಕಾದಷ್ಟು ಇದೆ ಎಂದೇ ಆ ಹಾಳೆ.

ನಮ್ಮ ಮನೆಯ ಬಚ್ಚಲು, ಕಕ್ಕಸು ತೊಳೆಯುವುದು ಕೆಲಸಕ್ಕೆ ಬರುವ ಹೆಂಗಸು. ಆಕೆಗೆ ಹೇಳಬೇಕೋ ಬೇಡವೋ?

‘ಬೇಡ ರೀ, ಬೀದಿಗೆಲ್ಲ ಗೊತ್ತಾಗತ್ತೆ. ಆ ಎರಡು ದಿನ ನಾನೇ ತೊಳೀತೀನಿ’ ಎಂದಳು ಹೆಂಡತಿ. ಉಪಾಯವೇನೋ ಸರಿ. ಆದರೆ ಅದು ಪ್ರಶ್ನೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ್ದಷ್ಟೆ. ನಾನೇ ತೊಳೆಯಬಹುದಿತ್ತು, ತೊಳೆದೆ ಕೂಡ. ಮೂರನೆಯ ವಾರ ಚಳಿಜ್ವರ ಬಂದು ಬಗ್ಗಲಾಗದೇ ಹೋದಾಗ ಮತ್ತೆ ಅದೇ ಮಾತು. ಬ್ಲೀಚ್ ಹಾಕಿದ ಮೇಲೆ ಇನ್ನೇನು ಅಪಾಯ, ಸುಮ್ಮನೆ ಹೆದರಿಸುವುದೇಕೆ ಎಂದೂ ವಾದಿಸಬಹುದು. ಬಹುಶಃ ಸರಿಯಾದ ವಾದವೇ. ನನ್ನನ್ನು ಕಾಡಿದ್ದು ಬೇರೆ. ಒಳಗೆ ಔಷಧಿ ಬಿಡುವ ಮೊದಲು ಆಸ್ಪತ್ರೆಯವರು ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಹಾಕಿಸಿಕೊಂಡರು. ಏನೇನಾಗಬಹುದೆಂದು ಓದಿ ಹೇಳಿದರು, ಬೇಡವೆನ್ನುವ ಅವಕಾಶವನ್ನೂ ಕೊಟ್ಟರು. ಔಷಧಿ ಹೊರಗೆ ಬರುವ ದಾರಿಯಲ್ಲಿ ನಿಂತವಳನ್ನು ಯಾರೂ ಏನನ್ನೂ ಕೇಳಲಿಲ್ಲ. ಅಪಾಯ ಕಡಿಮೆಯೋ ಹೆಚ್ಚೋ ಎಂದು ಆಕೆಯ ಪರವಾಗಿ ನಾನು ತೀರ್ಮಾನಿಸಿದರೆ, ಸೋಂಕಿನ ವಿಷಯದಲ್ಲಿ ನಾನು ಸರಿಯಿದ್ದೂ ಆಕೆಯ ವಿಷಯದಲ್ಲಿ ಸರಿಯಿರಲಾರೆ.

ಇದರ ಹಿಂದೆ ದೊಡ್ಡ ಚರಿತ್ರೆಯೂ ಇದೆ. ಇನ್ನೊಬ್ಬರ ಹೊಲಸನ್ನು ಎತ್ತುವವರನ್ನು ಕೇಳಬೇಕಾದದ್ದು ಏನೂ ಇಲ್ಲ ಎಂಬ ನಂಬಿಕೆಯ ಮೇಲೆ ನಮ್ಮ ಊರುಗಳು ನಿಂತಿದ್ದವು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮುಂದಾಗಬೇಕಾಯಿತು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಮಡಿ ಮೈಲಿಗೆಯ ಲೆಕ್ಕದಲ್ಲಿ ಮೈಲಿಗೆ ಯಾವಾಗಲೂ ತೊಳೆಯುವವರದು, ಮಾಡಿದವರದ್ದಲ್ಲ. ನನ್ನ ಕಮೋಡಿನ ಎದುರು ಬ್ಲೀಚ್ ಹಿಡಿದು ಗಡಿಯಾರ ನೋಡುತ್ತ ನಿಂತಾಗ ಆ ಲೆಕ್ಕ ತಿರುವುಮುರುವಾಗಿತ್ತು. ಸೋಂಕು ನನ್ನದು, ಆಕೆಯ ಕೈ ಶುದ್ಧ.

ಹೇಳಿದೆ. ಮೊದಲ ವಾರವೇ, ಉಚ್ಚೆ ಎಂಬ ಮಾತನ್ನೇ ಬಳಸಿ. ಆಕೆಗೆ ಅದರಿಂದ ಮುಜುಗರವಾದಂತೆ ಕಾಣಲಿಲ್ಲ. ಪೊರಕೆ ಗೋಡೆಗೊರಗಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಆ ದಿನ ನಾನು ತೊಳೀದಿದ್ರೆ ಸಂಬಳ ಹಿಡೀತೀರಾ ಸಾರ್?’ ಎಂದಳು.

ನಾನು ವಾರವಿಡೀ ಹೇಳಬೇಕೇ ಬೇಡವೇ ಎಂದು ತೂಗಿದ್ದೆ. ಆಕೆ ಒಂದೇ ವಾಕ್ಯದಲ್ಲಿ ಅದರಾಚೆಯದನ್ನು ಕೇಳಿದ್ದಳು. ತಿಳಿದ ಮೇಲೆ ಬೇಡವೆನ್ನುವ ಶಕ್ತಿ ಇಲ್ಲದವರಿಗೆ ತಿಳಿಸಿ ಏನು ಫಲ? ಹೇಳಿದವನ ಮನಸ್ಸು ಹಗುರಾಗುತ್ತದೆ, ಕೇಳಿದವಳ ತಲೆಯ ಮೇಲೆ ಭಯ ಕೂರುತ್ತದೆ, ಕೆಲಸ ಮಾತ್ರ ಅದೇ ಇರುತ್ತದೆ. ಸತ್ಯ ಹೇಳಿದರೆ ಋಣ ತೀರಿತು ಎಂಬ ನಮ್ಮ ನಂಬಿಕೆ ಬಹಳ ಅಗ್ಗದ್ದು. ಬಿಸಿಜಿ ಹಾಕುವ ದಿನ ಮತ್ತು ಮರುದಿನ ಸಂಬಳಸಮೇತ ರಜೆ ಎಂದು ಗೊತ್ತುಮಾಡಿದೆವು. ಉಳಿದ ದಿನಗಳಿಗೆ ರಬ್ಬರ್ ಕೈಗವಸು. ಕೈಗವಸು ಮೊದಲಿಂದಲೇ ಕೊಡಬೇಕಾದ ವಸ್ತುವಲ್ಲವೇ, ಅದಕ್ಕೆ ನನ್ನ ಕ್ಯಾನ್ಸರ್ ಏಕೆ ಬೇಕಾಯಿತು ಎಂದು ಓದುವವರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಯಾರಿಗೂ ಹೇಳಬೇಡ ಎಂದು ಮಾತ್ರ ಆಕೆಯನ್ನು ಕೇಳಿಕೊಳ್ಳಲಿಲ್ಲ. ಗುಟ್ಟು ಕಾಯುವುದೂ ಒಂದು ಕೆಲಸ, ಅದು ಸಂಬಳದಲ್ಲಿ ಸೇರಿಲ್ಲ. ಸುದ್ದಿ ಹೋಯಿತು. ಎದುರುಮನೆಯವರು ಎಳನೀರು ತಂದಿಟ್ಟು, ಏನೂ ಕೇಳದೆ ಹೋದರು. ಒಂದೇ ಗುಟುಕಿಗೆ ಕುಡಿದು, ರಾತ್ರಿ ಏಳು ಸಲ ಎದ್ದೆ.

ಈಗ ಮುಂದುವರಿದ ಚಿಕಿತ್ಸೆ ನಡೆದಿದೆ. ಕೆಲವು ತಿಂಗಳಿಗೊಮ್ಮೆ ಮೂರು ವಾರ, ಎಲ್ಲ ಸರಿಯಾದರೆ ಮೂರು ವರ್ಷದವರೆಗೆ. ನಡುನಡುವೆ ಒಳಗೆ ದುರ್ಬೀನು ಹಾಕಿ ನೋಡುತ್ತಾರೆ. ನನ್ನ ತಾರೀಖುಗಳನ್ನು ಆಕೆ ತನ್ನ ಮೊಬೈಲಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ, ನನಗಿಂತ ಮೊದಲು ಆಕೆಯೇ ನೆನಪಿಸುತ್ತಾಳೆ. ಹೋದ ತಿಂಗಳು ಇನ್ನೊಂದು ವಿಷಯ ಹೇಳಿದಳು. ತಾನು ಹೋಗುವ ಬೇರೆ ಮನೆಗಳಲ್ಲೂ ಈಗ ‘ಯಾರಿಗಾದ್ರೂ ಹುಷಾರಿಲ್ವಾ?’ ಎಂದು ಕೇಳುತ್ತಾಳಂತೆ. ಎರಡು ಮನೆಯವರು ಹೇಳಿದರಂತೆ. ಮೂರನೆಯ ಮನೆಯಲ್ಲಿ ‘ಅದೆಲ್ಲ ನಿನಗ್ಯಾಕೆ, ಕೆಲಸ ಮಾಡು’ ಎಂದರಂತೆ.

‘ಬಿಟ್ಟುಬಿಟ್ಯಾ ಆ ಮನೇನ?’ ಎಂದೆ.

‘ಎರಡು ಸಾವಿರ ಕೊಡ್ತಾರೆ ಸಾರ್’ ಎಂದು ಬಕೆಟ್ ಎತ್ತಿಕೊಂಡಳು.