ನಾಳೆಯ ಅನ್ನಕ್ಕೆ ಮೊಹರು

ಬುದ್ಧನ ಸಂಘದಲ್ಲಿ ಬೇಲಟ್ಠಸೀಸ ಎಂಬ ಹಿರಿಯ ಭಿಕ್ಷುವಿದ್ದ. ಬುದ್ಧನ ಶಿಷ್ಯ ಆನಂದನಿಗೆ ಉಪಾಧ್ಯಾಯ, ಕಾಡಿನಲ್ಲಿ ವಾಸ. ಭಿಕ್ಷೆಯಲ್ಲಿ ಬಂದ ಅನ್ನವನ್ನು ಒಣಗಿಸಿ ಇಟ್ಟುಕೊಳ್ಳುತ್ತಿದ್ದ, ಬೇಕಾದಾಗ ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದ. ಹೀಗಾಗಿ ಊರಿನ ಕಡೆ ಅವನ ಮುಖ ಕಾಣುವುದೇ ಅಪರೂಪವಾಯಿತು. ವಿಷಯ ಬುದ್ಧನ ಕಿವಿಗೆ ಬಿದ್ದಾಗ ನಿಯಮವೊಂದು ಹುಟ್ಟಿತು ಎನ್ನುತ್ತದೆ ಸಂಘದ ನಿಯಮಗಳ ಗ್ರಂಥ ವಿನಯಪಿಟಕ: ಕೂಡಿಟ್ಟ ಆಹಾರವನ್ನು ಭಿಕ್ಷು ತಿನ್ನುವಂತಿಲ್ಲ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದಕ್ಕೆ ಮಾತ್ರ, ಅದೂ ಔಷಧವೆಂದು, ಏಳು ದಿನಗಳ ವಿನಾಯಿತಿ.

ಬೇಲಟ್ಠಸೀಸ ಹೊಟ್ಟೆಬಾಕನಲ್ಲ. ತಿಂದದ್ದು ಒಣಗಿದ ಅನ್ನ, ಅದೂ ಹಿತಮಿತವಾಗಿ. ಹಾಗಿದ್ದರೆ ತಪ್ಪೇನು? ಚೀಲದಲ್ಲಿ ಅನ್ನವಿದ್ದವನಿಗೆ ಇನ್ನೊಬ್ಬರ ಬಾಗಿಲು ಬೇಕಾಗುವುದಿಲ್ಲ. ಕೊಡುವವರಿಗೂ ಬೇಡುವವನಿಗೂ ನಡುವೆ ದಿನವೂ ನಡೆಯುತ್ತಿದ್ದ ವ್ಯವಹಾರ ಅಲ್ಲಿಗೆ ಕಡಿದುಹೋಯಿತು. ನಿಯಮದ ಹಿಂದಿನ ಚಿಂತೆ ಇದೇ ಇರಬೇಕು.

ಆಹಾರ ಕೂಡಿಡುವ ಇದೇ ಪ್ರಶ್ನೆ ಈಗ ಗೃಹಸ್ಥರ ಅಡುಗೆಮನೆಗೆ ವಿದ್ಯುತ್ ಯಂತ್ರದ ರೂಪದಲ್ಲಿ ಬಂದಿದೆ. ವ್ಯಾಕ್ಯೂಮ್ ಸೀಲರ್ ಎಂಬ ಈ ಯಂತ್ರ ಪ್ಲಾಸ್ಟಿಕ್ ಚೀಲದೊಳಗಿನ ಗಾಳಿಯನ್ನು ಹೀರಿ, ಬಾಯಿಯನ್ನು ಕಾಯಿಸಿ ಅಂಟಿಸುತ್ತದೆ. ಅಮೆರಿಕದಲ್ಲಿರುವ ಮಗಳಿಗೆ ಹುಳಿಪುಡಿ, ಚಟ್ನಿಪುಡಿ ಒಯ್ಯುವ ತಾಯಂದಿರ ಸೂಟ್‌ಕೇಸಿನಲ್ಲಿ ಇಂಥ ಪೊಟ್ಟಣಗಳು ಕಾಣಸಿಗುತ್ತವೆ. ಯಾವ ಯಂತ್ರ ಕೊಳ್ಳಬೇಕು ಎಂಬ ಪ್ರಶ್ನೆಗೆ ಅಂಗಡಿಯವರು ಉತ್ತರಿಸಿಯಾರು. ಎಷ್ಟನ್ನು, ಎಷ್ಟು ದಿನ, ಯಾರಿಗಾಗಿ ಕೂಡಿಡಬೇಕು ಎಂಬುದು ಅದಕ್ಕಿಂತ ಹಳೆಯ ಪ್ರಶ್ನೆ.

ಧರ್ಮಗ್ರಂಥಗಳು ಇದಕ್ಕೆ ಒಂದೇ ಸ್ವರದಲ್ಲಿ ಉತ್ತರ ಕೊಟ್ಟಿಲ್ಲ. ಬೈಬಲಿನ ವಿಮೋಚನಕಾಂಡದಲ್ಲಿ ಮರುಭೂಮಿಯ ಇಸ್ರಾಯೇಲರಿಗೆ ಬೆಳಿಗ್ಗೆ ಬೆಳಿಗ್ಗೆ ದೇವರು ಕೊಡುವ ಮನ್ನಾ ಎಂಬ ಆಹಾರ ಸಿಗುತ್ತಿತ್ತು. ಮರುದಿನಕ್ಕೆಂದು ಉಳಿಸಿಟ್ಟವರ ಪಾಲು ಹುಳುಬಿದ್ದು ನಾರಿತು. ಸಬ್ಬತ್ ಎಂಬ ವಿಶ್ರಾಂತಿ ದಿನದ ಮುನ್ನಾದಿನ ಮಾತ್ರ ಎರಡರಷ್ಟು ಕೂಡಿಸಲು ಅಪ್ಪಣೆಯಿತ್ತು, ಆ ದಿನದ್ದು ಕೆಡಲೂ ಇಲ್ಲ. ಅದೇ ಬೈಬಲಿನ ಯೋಸೇಫನಾದರೋ ಈಜಿಪ್ಟಿನಲ್ಲಿ 7 ವರ್ಷ ಧಾನ್ಯ ಕೂಡಿಟ್ಟು, ಮುಂದಿನ 7 ವರ್ಷಗಳ ಬರದಲ್ಲಿ ಜನರನ್ನು ಉಳಿಸಿದ. ಕುರ್‌ಆನಿನ ಯೂಸುಫ್ ಅಧ್ಯಾಯ ಒಂದು ಹೆಜ್ಜೆ ಮುಂದೆ ಹೋಗಿ ಕಾಪಿಡುವ ವಿಧಾನವನ್ನೂ ಹೇಳುತ್ತದೆ. ತಿನ್ನಲು ಬೇಕಾದಷ್ಟನ್ನು ಬಿಟ್ಟು ಉಳಿದ ಕಾಳನ್ನು ತೆನೆಯಿಂದ ಬಿಡಿಸದೆ ಇಡಬೇಕಂತೆ. ದೇವರ ಮೇಲೆ ಭಾರ ಹಾಕಿದವರು ಕಣಜ ತುಂಬಬಾರದೆಂದು ವಾದಿಸುವವರು ಇದಕ್ಕೆ ಏನೆನ್ನುತ್ತಾರೋ!

ಗಾಳಿಯನ್ನು ಹೊರಗಿಟ್ಟು ಕಾಳು ಉಳಿಸುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಹಳೇ ಮೈಸೂರಿನ ರೈತರು ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಹುಲ್ಲು ತುರುಕಿ, ಮಣ್ಣು ಮೆತ್ತುತ್ತಿದ್ದರು. ಒಳಗಿನ ಆಮ್ಲಜನಕವನ್ನು ಕಾಳಿನ ಉಸಿರಾಟವೇ ಮುಗಿಸುತ್ತಿತ್ತು, ಹುಳುವಿಗೆ ಬದುಕು ಇರುತ್ತಿರಲಿಲ್ಲ. ಹಗೇವು ತೆಗೆದೊಡನೆ ಒಳಗಿಳಿದವರು ಉಸಿರುಕಟ್ಟಿ ಸತ್ತದ್ದೂ ಉಂಟು. ಅದಕ್ಕೇ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರಷ್ಟೇ ಮನುಷ್ಯರು ಇಳಿಯುತ್ತಿದ್ದರು.

ಹಗೇವು ಮಳೆ ಕೈಕೊಟ್ಟ ವರ್ಷಕ್ಕೆ. ಅದಕ್ಕೂ ದುರಾಸೆಗೂ ನಡುವಿನ ಗೆರೆ ಎಲ್ಲಿದೆ? 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಅದನ್ನು ಎಳೆದು ತೋರಿಸಿದಳು. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಈ ಹೆಚ್ಚಳ ಯಾಕೆಂದು ಕೇಳಿ, ಅದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸಿದಳು ಲಕ್ಕಮ್ಮ. ಆ ಅಕ್ಕಿ ಕದ್ದದ್ದಲ್ಲ, ಕೆಟ್ಟದ್ದೂ ಅಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿತ್ತು, ಅಷ್ಟೆ.

ಜೈನರು ಈ ಗೆರೆಯನ್ನು ಲೆಕ್ಕಕ್ಕೇ ಇಳಿಸಿದರು. ಶ್ರಾವಕರ, ಅಂದರೆ ಗೃಹಸ್ಥ ಜೈನರ, ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಚಿನ್ನದ ಜೊತೆ ಧಾನ್ಯಕ್ಕೂ ಮಿತಿಯುಂಟು. ದಿಗಂಬರ ಸಂಪ್ರದಾಯದಲ್ಲಿ ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನಗಳ ಮರ್ಯಾದೆ, ಅಂದರೆ ಗಡುವು. ಗಾಳಿ ತೆಗೆದ ಚೀಲದಲ್ಲಿಟ್ಟರೆ ಈ ಗಡುವು ಹಿಗ್ಗುತ್ತದೆಯೇ? ಚೀಲದೊಳಗೆ ನುಸಿ ಆಡುವುದಿಲ್ಲವಲ್ಲ ಎಂದು ತರ್ಕ ಹೂಡಬಹುದು. ಆದರೆ ಆ ನಿಯಮ ಎಣಿಸುವುದು ಋತುವನ್ನು, ಪಾತ್ರೆಯನ್ನಲ್ಲ. ವ್ರತ ಹಿಡಿದವರು ಯಂತ್ರದ ಬಲದಿಂದ ದಿನ ಹೆಚ್ಚಿಸಿಕೊಂಡರೆ ವ್ರತದ ಅರ್ಥವೇ ಸಡಿಲವಾಗುತ್ತದೆ.

ಇನ್ನು ತಂಗಳಿನ ಮಾತು. ಜಾಮ ಕಳೆದ, ರಸ ಹೋದ, ಹಳಸಿದ ಆಹಾರ ತಾಮಸರಿಗೆ ಪ್ರಿಯ ಎನ್ನುತ್ತದೆ ಭಗವದ್ಗೀತೆಯ 17ನೆಯ ಅಧ್ಯಾಯ. ಮನುಸ್ಮೃತಿ ಮಾತ್ರ ಜಿಡ್ಡು ಸೇರಿದ ಭಕ್ಷ್ಯಗಳನ್ನು ಮರುದಿನವೂ ತಿನ್ನಬಹುದೆಂದು ರಿಯಾಯಿತಿ ಕೊಡುತ್ತದೆ. ಮಡಿ ಮನೆಗಳಲ್ಲಿ ನೀರಿನಲ್ಲಿ ಬೆಂದದ್ದು ಮುಸುರೆಯಾದರೆ, ಎಣ್ಣೆಯಲ್ಲಿ ಕರಿದ ಚಕ್ಕುಲಿಗೆ ಆ ಕಟ್ಟಿಲ್ಲ. ಆಚಾರದ ಈ ಭೇದ ಯಂತ್ರಕ್ಕೂ ಹೊಂದುತ್ತದೆ. ತೇವವಿದ್ದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಗಾಳಿ ತೆಗೆದ ಮಾತ್ರಕ್ಕೆ ಅವು ಸಾಯುವುದಿಲ್ಲ. ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾಕ್ಕಂತೂ ಆಮ್ಲಜನಕವಿಲ್ಲದ ಜಾಗವೇ ಬೇಕು. ಅದರ ವಿಷ ವಾಸನೆಯಿಂದ, ರುಚಿಯಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಪಲ್ಯ, ಸುಲಿದ ಹಸಿ ಬೆಳ್ಳುಳ್ಳಿ, ಅಣಬೆಗಳಿಗೆ ಮೊಹರು ಹಾಕಿದ ಮೇಲೂ ಫ್ರಿಜ್ಜೇ ಗತಿ. ದೀರ್ಘಕಾಲಕ್ಕಾದರೆ ಫ್ರೀಜರ್. ಕಾಲ ನಿಲ್ಲಿಸುತ್ತೇನೆ ಎಂಬ ಯಂತ್ರದ ಜಾಹೀರಾತಿಗಿಂತ ಅಜ್ಜಿಯ ಮುಸುರೆಯ ಕಟ್ಟೇ ಸತ್ಯಕ್ಕೆ ಹತ್ತಿರ.

ಇಷ್ಟು ತಿಳಿದ ಮೇಲೂ ಕೊಳ್ಳುವವರು ಕೊಳ್ಳಲಿ, ಅದರಲ್ಲಿ ಪಾಪವೇನಿಲ್ಲ. ಚೀಲದ ಬಾಯಿಯಿಂದ ಗಾಳಿ ಹೀರುವ ಚಿಕ್ಕ ಯಂತ್ರ ಮನೆಗೆ ಸಾಕು. ಅದಕ್ಕೆ ಒಳಮೈಯಲ್ಲಿ ಉಬ್ಬುಗೆರೆಗಳಿರುವ ಚೀಲಗಳೇ ಬೇಕು, ಆ ಖರ್ಚು ನಿಲ್ಲುವಂಥದ್ದಲ್ಲ. ಇಡೀ ಚೀಲವನ್ನೇ ಪೆಟ್ಟಿಗೆಯೊಳಗಿಟ್ಟು ಗಾಳಿ ತೆಗೆಯುವ ಚೇಂಬರ್ ಯಂತ್ರ ಸಾರು, ಸಾಂಬಾರನ್ನೂ ನಿಭಾಯಿಸುತ್ತದೆ. ಆದರೆ ಅದು ಭಾರ, ದುಬಾರಿ, ಹೋಟೆಲಿನವರಿಗೆ ತಕ್ಕದ್ದು. ಚಿಕ್ಕ ಯಂತ್ರದಲ್ಲಿ ಸಾರಿಗೆ ಮೊಹರು ಹಾಕಬೇಕಿದ್ದರೆ ಮೊದಲು ಅದನ್ನು ಹೆಪ್ಪುಗಟ್ಟಿಸಬೇಕು. ಬೇಕಾದಲ್ಲಿ ಹೀರುವುದನ್ನು ನಿಲ್ಲಿಸುವ ಗುಂಡಿ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸಂಡಿಗೆ, ಹಪ್ಪಳ ಪುಡಿಪುಡಿ. ಹಿಟ್ಟು, ಮಸಾಲೆಪುಡಿ ಮೇಲೆದ್ದು ಅಂಟುವ ಜಾಗದಲ್ಲಿ ಕೂತರೆ ಮೊಹರು ಹಿಡಿಯುವುದಿಲ್ಲ, ಅವನ್ನು ಕಾಗದದ ಪೊಟ್ಟಣದೊಳಗಿಟ್ಟು ಸೀಲ್ ಮಾಡಬೇಕು. ಮೊಹರಿನ ಪಟ್ಟಿ ಅಗಲವಿದ್ದಷ್ಟೂ ಒಳ್ಳೆಯದು.

ವರ್ಷದ ಅಕ್ಕಿ, ಬೇಳೆ ಒಟ್ಟಿಗೆ ತರುವವರಿಗೆ, ಪರದೇಶಕ್ಕೆ ಪುಡಿ ಕಳಿಸುವವರಿಗೆ, ಫ್ರೀಜರ್‌ನಲ್ಲಿ ಮೀನು ಇಡುವ ಕರಾವಳಿಯವರಿಗೆ ಇದು ಉಪಯೋಗದ ಸಾಮಾನು. ತಿಂಗಳ ದಿನಸಿ ತಂದು ತಿಂಗಳೊಳಗೇ ಮುಗಿಸುವ ಮನೆಗೆ ಬೇಕಿಲ್ಲ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳೇ ಸಾಕು.